ಓಪನ್ ಆಗಿದೆ, ಆದ್ರೆ ಕಾಣ್ತಿಲ್ಲ

ಎಲ್ಲರಿಗೂ ನಮಸ್ಕಾರ. ಒಂದು ಫೋನ್ ಕಾಲ್‌ನಿಂದ ಶುರು ಮಾಡುತ್ತೇನೆ. ಕೆಲವು ವರ್ಷಗಳ ಹಿಂದೆ ಒಂದು ಅಂಗಡಿಗೆ, ವಿಂಡೋಸ್ ಆಪ್ ಬರೆಯಲು ಮೈಕ್ರೋಸಾಫ್ಟ್ ಕೊಡುವ ಡಬ್ಲ್ಯುಪಿಎಫ್‌ನಲ್ಲಿ ಬಿಲ್ಲಿಂಗ್ ಸಾಫ್ಟ್‌ವೇರ್ ಬರೆದುಕೊಟ್ಟಿದ್ದೆ. ಒಂದಿನ ಬೆಳಿಗ್ಗೆ ಮಾಲೀಕರು, "ಸಾರ್, ನಿಮ್ದು ಓಪನ್ನೇ ಆಗ್ತಿಲ್ಲ, ಕೌಂಟರ್ ಮುಂದೆ ಜನ ನಿಂತಿದ್ದಾರೆ" ಅಂದರು. ಟಾಸ್ಕ್‌ಬಾರ್‌ನಲ್ಲಿ ಐಕಾನ್ ಇದೆ, ಸ್ಕ್ರೀನ್ ಮೇಲೆ ಏನೂ ಇಲ್ಲ. ನಾನೂ ಎಲ್ಲರ ಹಾಗೆ ಮೊದಲು ರೀಇನ್‌ಸ್ಟಾಲ್ ಮಾಡಿಸಿದೆ. ಊಹೂಂ. ವಿಂಡೋ ಕಳೆದ ಸಲ ಎಲ್ಲಿತ್ತು ಅಂತ ಬರೆದಿಡುವ ಸೆಟ್ಟಿಂಗ್ಸ್ ಫೈಲ್ ಯೂಸರ್ ಫೋಲ್ಡರ್‌ನಲ್ಲಿತ್ತು, ರೀಇನ್‌ಸ್ಟಾಲ್ ಅದನ್ನು ಮುಟ್ಟಲೇ ಇಲ್ಲ. ತೆಗೆದು ನೋಡಿದರೆ ಲೆಫ್ಟ್ -32000, ಟಾಪ್ -32000, ಅಂದರೆ ಸ್ಕ್ರೀನಿನಿಂದ ಎಷ್ಟೋ ದೂರ, ಎಡಕ್ಕೂ ಮೇಲಕ್ಕೂ.

ವಿಂಡೋ ಮಿನಿಮೈಸ್ ಆದಾಗ ವಿಂಡೋಸ್ ಅದನ್ನು ಇಡುವ ಜಾಗ ಅದು. ಕೆಲಸದ ಹುಡುಗ ರಾತ್ರಿ ಮನೆಗೆ ಹೊರಡುವ ಗಡಿಬಿಡಿಯಲ್ಲಿ, ಮಿನಿಮೈಸ್ ಆಗಿದ್ದದ್ದನ್ನು ಟಾಸ್ಕ್‌ಬಾರ್‌ನಲ್ಲೇ ರೈಟ್ ಕ್ಲಿಕ್ ಮಾಡಿ ಕ್ಲೋಸ್ ಮಾಡಿದ್ದ. ನನ್ನ ಕೋಡ್ ಸುಮ್ನೆ ಲೆಫ್ಟ್, ಟಾಪ್ ಓದಿ ಸೇವ್ ಮಾಡಿತು. ತಪ್ಪು ಹುಡುಗನದಲ್ಲ, ನನ್ನದು.

ಓದಬೇಕಾದದ್ದು ರಿಸ್ಟೋರ್‌ಬೌಂಡ್ಸ್. ಮಿನಿಮೈಸ್ ಆಗಲಿ, ಮ್ಯಾಕ್ಸಿಮೈಸ್ ಆಗಲಿ, ಅದಕ್ಕೆ ಮುಂಚೆ ವಿಂಡೋ ಎಲ್ಲಿತ್ತು ಅಂತ ಅದು ಹೇಳುತ್ತದೆ. ಆದರೆ ವಿಂಡೋ ಮುಚ್ಚುವ ಮುಂಚೆ ಬರುವ ಕ್ಲೋಸಿಂಗ್ ಇವೆಂಟ್‌ನಲ್ಲೇ ಓದಿ. ಮುಚ್ಚಿದ ಮೇಲಿನ ಕ್ಲೋಸ್ಡ್ ಇವೆಂಟ್ ಬರುವ ಹೊತ್ತಿಗೆ ವಿಂಡೋನೇ ಇರೋದಿಲ್ಲ, ಖಾಲಿ ಉತ್ತರ ಸಿಗುತ್ತದೆ.

ಇದಾದ ಮೇಲೆ ನಾನು ಇನ್ನೊಂದು ಜಾಣತನ ಮಾಡಿದೆ: ಸೊನ್ನೆಗಿಂತ ಕಡಿಮೆ ಬಂದರೆ ಸೊನ್ನೆ ಮಾಡು. ಮುಖ್ಯ ಮಾನಿಟರ್‌ನ ಎಡ ಅಂಚೇ ಸೊನ್ನೆ, ಅದರ ಎಡಕ್ಕೆ ಇನ್ನೊಂದು ಇಟ್ಟುಕೊಂಡವರಿಗೆ ಮೈನಸ್ ನಂಬರೇ ಸರಿಯಾದ ನಂಬರ್ ಅಲ್ವಾ! ಅವರ ವಿಂಡೋ ದಿನಾ ಬಲಕ್ಕೆ ಹಾರಿ ಬರತೊಡಗಿತು. ಸರಿ, ವರ್ಚುವಲ್‌ಸ್ಕ್ರೀನ್ ಜೊತೆ ಹೋಲಿಸೋಣ ಅಂದರೆ, ಅದು ಎಲ್ಲ ಮಾನಿಟರ್‌ಗಳನ್ನೂ ಸುತ್ತುವ ಒಂದೇ ದೊಡ್ಡ ಆಯತ, ಮಾನಿಟರ್‌ಗಳು ಚಿಕ್ಕದು ದೊಡ್ಡದು ಇದ್ದರೆ ಮೂಲೆಯಲ್ಲಿ ಯಾವ ಸ್ಕ್ರೀನೂ ಇಲ್ಲದ ಜಾಗ ಉಳಿಯುತ್ತದೆ, ವಿಂಡೋ ಹೋಗಿ ಅಲ್ಲೇ ಕೂರಬಹುದು. ಹಾಗಾಗಿ ಒಂದೊಂದೇ ಮಾನಿಟರ್ ತಗೊಂಡು, ಟೈಟಲ್ ಬಾರ್ ಹಿಡಿದು ಎಳೆಯುವಷ್ಟಾದರೂ ಅದರೊಳಗೆ ಬೀಳುತ್ತದಾ ನೋಡಿ. ಯಾವುದರಲ್ಲೂ ಬೀಳದಿದ್ದರೆ ಹಳೇ ನಂಬರ್ ಬಿಸಾಕಿ, ಮಧ್ಯಕ್ಕೆ ತನ್ನಿ. ಇಲ್ಲಿ ಎಡವುವ ಜಾಗ ಒಂದಿದೆ: ಡಬ್ಲ್ಯುಪಿಎಫ್ ಲೆಕ್ಕ 1/96 ಇಂಚಿನದು, ಅದಕ್ಕಿಂತ ಹಳೆಯ ಕಿಟ್ ಆದ ವಿನ್‌ಫಾರ್ಮ್ಸ್‌ನ ಸ್ಕ್ರೀನ್ ಕ್ಲಾಸ್ ಕೊಡುವುದು ಪಿಕ್ಸೆಲ್. ವಿಂಡೋಸ್ ಎಲ್ಲವನ್ನೂ ದೊಡ್ಡದಾಗಿ ತೋರಿಸುವ ಸ್ಕೇಲಿಂಗ್ 150% ಇದ್ದರೆ ಇಲ್ಲಿನ 100 ಅಲ್ಲಿ 150. ಎರಡನ್ನೂ ನೇರವಾಗಿ ಹೋಲಿಸಿ ನಾನು ಒಂದು ಭಾನುವಾರ ಪೂರ್ತಿ ಕಳೆದುಕೊಂಡಿದ್ದೇನೆ.

ಫೋನ್‌ನಲ್ಲಿರುವ ಗ್ರಾಹಕರಿಗೆ ಇದೆಲ್ಲ ಬೇಡ. ಆ ವಿಂಡೋವನ್ನು ಆಲ್ಟ್-ಟ್ಯಾಬ್‌ನಲ್ಲಿ ಆರಿಸಿ, ಆಲ್ಟ್-ಸ್ಪೇಸ್ ಒತ್ತಿ, ಎಂ ಒತ್ತಿ, ಬಾಣದ ಕೀ ಒಂದು ಸಲ ಒತ್ತಿ, ಮೌಸ್ ಅಲ್ಲಾಡಿಸಲು ಹೇಳಿ. ವಿಂಡೋ ಮೌಸ್‌ಗೆ ಅಂಟಿಕೊಂಡು ಬರುತ್ತದೆ.

ಮಾತು ಸಾಕು. ಡೆಮೋ ಆಪನ್ನು ಈ ಪ್ರೊಜೆಕ್ಟರ್ ಸ್ಕ್ರೀನ್‌ಗೆ ಎಳೆದು ಕ್ಲೋಸ್ ಮಾಡಿದ್ದೇನೆ. ಈಗ ಕೇಬಲ್ ಕಿತ್ತು ಮತ್ತೆ ಓಪನ್ ಮಾಡ್ತೀನಿ, ಮುಂದಿನ ಸಾಲಿನವರು ಬಂದು ಲ್ಯಾಪ್‌ಟಾಪ್ ನೋಡಿ.