ಬಸ್ಸಿನ ಮೈ, ಗೂಡ್ಸಿನ ಕಾಲು

ಕೇಳುಗರಿಗೆ ನಮಸ್ಕಾರ.

ಶಿವಮೊಗ್ಗ–ತಾಳಗುಪ್ಪ ಮೀಟರ್‌ಗೇಜ್ ಹಳಿಯ ಮೇಲೆ ಓಡುತ್ತಿದ್ದ ರೈಲುಬಸ್ಸು ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು. ಅತ್ತ ಪೂರ್ತಿ ರೈಲೂ ಅಲ್ಲ, ಇತ್ತ ಬಸ್ಸೂ ಅಲ್ಲ. ಅದರ ದೂರದ ನೆಂಟನೊಬ್ಬ ಬ್ರಿಟನ್ನಿನಲ್ಲಿದ್ದ. ಹೆಸರು ಪೇಸರ್. ಇವತ್ತು ಅವನ ಸಮಾಚಾರ.

1980ರ ಸುಮಾರಿಗೆ ಅಲ್ಲಿನ ಸಣ್ಣಪುಟ್ಟ ದಾರಿಗಳಲ್ಲಿ ಓಡುತ್ತಿದ್ದ 1950ರ ದಶಕದ ಡೀಸೆಲ್ ಗಾಡಿಗಳಿಗೆ ವಯಸ್ಸಾಗಿತ್ತು. ಹೊಸದಕ್ಕೆ ಸರ್ಕಾರ ಕೈಬಿಚ್ಚಿ ದುಡ್ಡು ಕೊಡುವ ಹಾಗಿರಲಿಲ್ಲ. ಗಾಡಿ ಇಲ್ಲವೆಂದರೆ ದಾರಿಯೇ ಮುಚ್ಚೀತು. ಆಗ ಬ್ರಿಟಿಷ್ ರೈಲ್‌ನವರು ಲೇಲ್ಯಾಂಡ್ ಕಂಪನಿಯ ನ್ಯಾಷನಲ್ ಬಸ್ಸಿನತ್ತ ನೋಡಿದರು. ಅದರ ಮೈಯನ್ನೇ ತಂದು ಗೂಡ್ಸ್ ವ್ಯಾಗನ್ನಿನ ಮಾದರಿಯ ಚಾಸಿಯ ಮೇಲೆ ಕೂರಿಸಿದರು. ಮೊದಮೊದಲಿನ ಗಾಡಿಗಳಲ್ಲಿ ಸೀಟೂ ಬಸ್ಸಿನದೇ, ಮಡಚುವ ಬಾಗಿಲೂ ಬಸ್ಸಿನದೇ.

ಎಡವಟ್ಟಾದದ್ದು ಕಾಲಿನಲ್ಲಿ. ನಾವು ರೈಲಿನ ಡಬ್ಬಿಗೇ ಬೋಗಿ ಅನ್ನುತ್ತೇವೆ. ರೈಲ್ವೆ ಎಂಜಿನಿಯರರಿಗೆ ಬೋಗಿಯೆಂದರೆ ಡಬ್ಬಿಯ ಅಡಿಯಲ್ಲಿ, ತಿರುವು ಬಂದಾಗ ಹಳಿಯ ಜೊತೆ ತಾನೂ ತಿರುಗುವ ಚಕ್ರಗಳ ಪುಟ್ಟ ಬಂಡಿ. ಪೇಸರಿಗೆ ಅದೇ ಇರಲಿಲ್ಲ. ಒಂದು ಡಬ್ಬಿಗೆ ಎರಡೇ ಅಚ್ಚು, ನಾಲ್ಕೇ ಚಕ್ರ. ಅಚ್ಚುಗಳ ನಡುವೆ ಸುಮಾರು 9 ಮೀಟರ್ ಅಂತರ. ತಿರುವಿನಲ್ಲಿ ಚಕ್ರ ಹಳಿಯನ್ನು ಉಜ್ಜಿಕೊಂಡೇ ಹೋಗಬೇಕು. ಆ ಕೀರಲು ಊರಿಗೆಲ್ಲ ಕೇಳಿಸುತ್ತಿತ್ತು! ಹಳಿಯ ಕೂಡುಗಳ ಮೇಲೆ ಹಿಂದೆ ಮುಂದೆ ತೊನೆಯುವುದನ್ನು ಕಂಡು ಜನ ಇಟ್ಟ ಅಡ್ಡಹೆಸರು, ತಲೆಯಾಡಿಸುವ ಕತ್ತೆ.

ಇಂಗ್ಲೆಂಡಿನ ನೈಋತ್ಯ ತುದಿಯ ಕಾರ್ನ್‌ವಾಲಿಗೂ ಕೆಲವನ್ನು ಕಳಿಸಿದ್ದರು, ಹಳೇ ಕಾಲದ ಚಾಕಲೇಟು-ಕೆನೆ ಬಣ್ಣ ಬಳಿದು, ಮದುವಣಿಗನ ಹಾಗೆ ಸಿಂಗರಿಸಿ. ಅಲ್ಲಿನ ಬಿಗಿ ತಿರುವುಗಳಲ್ಲಿ ಚಕ್ರದ ಅಂಚು ಬೇಗ ಬೇಗ ಸವೆಯಿತು. ಒಂದೆರಡು ವರ್ಷದಲ್ಲೇ ಉತ್ತರ ಇಂಗ್ಲೆಂಡಿಗೆ ಸಾಗಹಾಕಿದರು.

20 ವರ್ಷ ಬಾಳಿದರೆ ಸಾಕು ಎಂದುಕೊಂಡು ಕಟ್ಟಿದ ಗಾಡಿಗಳು 30 ದಾಟಿದವು. ಬೈದವರು ಬೈದರು. ಬೈಯುವುದಕ್ಕಾದರೂ ಒಂದು ಗಾಡಿ ಇತ್ತಲ್ಲ ಅನ್ನುವ ಪಕ್ಷ ನನ್ನದು. ಕೊನೆಗೆ ಅವನ್ನು ಇಳಿಸಿದ್ದು ಕೀರಲಲ್ಲ, ಅಂಗವಿಕಲರೂ ಸಲೀಸಾಗಿ ಹತ್ತಿಳಿಯುವಂತಿರಬೇಕೆಂಬ ಕಾನೂನು. ಗಡುವು 2019ರ ಕೊನೆಗೇ ಇತ್ತು. ಹೊಸ ಗಾಡಿ ತಡವಾದ್ದರಿಂದ ವೇಲ್ಸ್‌ನಲ್ಲಿ 2021ರವರೆಗೂ ಓಡಿದವು.

ಆಮೇಲೆ ಒಂದು ಡಬ್ಬಿ ಯಾರ್ಕ್‌ಷೈರಿನ ಆಸ್ಪತ್ರೆಯೊಂದಕ್ಕೆ ಹೋಯಿತು, ಇನ್ನೊಂದು ಡರಂ ಸೀಮೆಯ ಪ್ರಾಥಮಿಕ ಶಾಲೆಗೆ. ಕೆಲವು ರೈಲುಪ್ರಿಯರು ಉಳಿಸಿಕೊಂಡ ಹಳೇ ದಾರಿಗಳಲ್ಲಿವೆ. ಅಲ್ಲಿ ಈಗ ಜನ ಟಿಕೆಟ್ ಕೊಂಡು, ಆ ಕುಲುಕಾಟಕ್ಕೆಂದೇ ಹತ್ತಿ ಕೂರುತ್ತಾರೆ.

ನಮಸ್ಕಾರ.