ಒಂದು ರಾಶಿ ಮೆಕ್ಕೆಜೋಳ, ಹಲವು ವ್ಯಾಖ್ಯಾನ

ಮಾನ್ಯ ಅಧ್ಯಕ್ಷರೇ, ವೇದಿಕೆಯ ಮೇಲಿರುವ ಹಿರಿಯರೇ, ಮಾರುಕಟ್ಟೆಯ ಕೆಲಸ ಮುಗಿಸಿಕೊಂಡು ಬಂದು ಹಿಂದಿನ ಸಾಲುಗಳಲ್ಲಿ ಕುಳಿತಿರುವ ರೈತ ಬಂಧುಗಳೇ, ನನ್ನ ಹಳೆಯ ವಿದ್ಯಾರ್ಥಿಗಳೇ,

ಆಹ್ವಾನ ಪತ್ರಿಕೆಯಲ್ಲಿ ನನ್ನ ಹೆಸರಿನ ಕೆಳಗೆ ‘ಇಂದಿನ ರಾಜಕಾರಣ, ಅರ್ಥವ್ಯವಸ್ಥೆ, ಹೊಸ ತಂತ್ರಜ್ಞಾನ: ಭಿನ್ನ ವ್ಯಾಖ್ಯಾನಗಳು’ ಎಂದು ಅಚ್ಚು ಹಾಕಿಸಿದ್ದಾರೆ. ಇದೇ ಊರಿನಲ್ಲಿ ಮೂವತ್ತು ವರ್ಷ ಅರ್ಥಶಾಸ್ತ್ರ ಪಾಠ ಮಾಡಿದವನಿಗೂ ಒಂದು ಗಂಟೆಯಲ್ಲಿ ಮುಗಿಯುವ ವಿಷಯವಲ್ಲ ಇದು. ಹೀಗಾಗಿ ಈ ಮೂರೂ ಒಂದೇ ಕಡೆ ನೋಡಲು ಸಿಗುವ ಒಂದು ವಸ್ತುವನ್ನು ಆರಿಸಿಕೊಂಡಿದ್ದೇನೆ: ಮೆಕ್ಕೆಜೋಳ. ದಾವಣಗೆರೆಯವರಿಗೆ ಇದರ ಪರಿಚಯ ಮಾಡಿಕೊಡಬೇಕಾಗಿಲ್ಲ. 1997ರವರೆಗೆ ನಮ್ಮೊಡನೆ ಒಂದೇ ಜಿಲ್ಲೆಯಾಗಿದ್ದ ಚಿತ್ರದುರ್ಗದವರಿಗೂ ಬೇಕಾಗಿಲ್ಲ. 2025ರ ಮುಂಗಾರು ಹಂಗಾಮು ಮುಗಿದು ಫಸಲು ಮಾರುಕಟ್ಟೆಗೆ ಬಂದಾಗ ಇದರ ಬೆಲೆಯ ಬಗ್ಗೆ ನಾವು ಕೇಳಿದ ಮಾತುಗಳು ಒಂದಕ್ಕೊಂದು ತಾಳೆಯಾಗಲಿಲ್ಲ. ಯಾರೋ ಸುಳ್ಳು ಹೇಳುತ್ತಿದ್ದಾರೆ ಎಂದು ಹೆಚ್ಚಿನವರು ತೀರ್ಮಾನಿಸಿಬಿಟ್ಟರು. ನನಗೆ ಹಾಗನ್ನಿಸಲಿಲ್ಲ. ಹೆಚ್ಚುಕಡಿಮೆ ಎಲ್ಲರೂ ನಿಜವನ್ನೇ ಹೇಳುತ್ತಿದ್ದರು. ಆದರೆ ತಾವು ಯಾವ ಅಳತೆಗೋಲು ಹಿಡಿದಿದ್ದೇವೆ ಎಂಬುದನ್ನು ಹೇಳುತ್ತಿರಲಿಲ್ಲ, ಬೆಲೆಯ ಕೀಲಿ ತಮ್ಮ ಕೈಯಲ್ಲಿ ಎಷ್ಟಿದೆ ಎಂಬುದನ್ನಂತೂ ಯಾರೂ ಬಾಯಿಬಿಡಲಿಲ್ಲ.

ಮೊದಲು ರಾಶಿಯ ಹತ್ತಿರಕ್ಕೇ ಹೋಗೋಣ. ಆನಗೋಡಿನ ಬಳಿ ಹೆದ್ದಾರಿಯ ಸರ್ವಿಸ್ ರಸ್ತೆಯಲ್ಲಿ ನನ್ನ ತಮ್ಮ ತನ್ನ ಕಾಳನ್ನು ಹರವಿದ್ದ. ರಸ್ತೆಯ ಅರ್ಧಕ್ಕೆ ಕಾಳು, ಅದರ ಅಂಚಿಗೆ ವಾಹನಗಳು ಹತ್ತದಂತೆ ಸಾಲಾಗಿ ಇಟ್ಟ ಕಲ್ಲುಗಳು, ಸಂಜೆಯಾದ ಮೇಲೆ ಇಬ್ಬನಿಗೆ ಹೊದಿಸಲು ಮಡಿಸಿಟ್ಟ ತಾಡಪಾಲು. ಅವನು ಬರಿಗಾಲಿನಲ್ಲಿ ಕಾಳಿನ ನಡುವೆ ಕಾಲೆಳೆಯುತ್ತ, ನೇಗಿಲ ಸಾಲಿನಂತೆ ಗೆರೆ ಬಿಡಿಸುತ್ತ, ಕೆಳಗಿನದನ್ನು ಮೇಲಕ್ಕೆ ತರುತ್ತಿದ್ದ. ರಸ್ತೆಯ ಮೇಲೆ ಒಣಗಿಸುವುದು ಅಪಾಯ, ಅಪರಾಧ ಎಂದೆಲ್ಲ ನಾವು ಹೇಳುತ್ತೇವೆ. ಡಾಂಬರಿನಷ್ಟು ಬೇಗ ಒಣಗಿಸಿಕೊಡುವ ಕಣ ಅವನಿಗೆ ಬೇರೆಲ್ಲೂ ಇಲ್ಲ ಎಂಬುದನ್ನು ಹೇಳುವುದಿಲ್ಲ.

ಒಣಗಿಸುವುದಕ್ಕೇಕೆ ಇಷ್ಟು ಆತುರ ಎಂದರೆ, ಖರೀದಿಯ ಮಾನದಂಡದಲ್ಲಿ ತೇವಾಂಶ ಶೇ 14 ಮೀರುವಂತಿಲ್ಲ. ಒಂದು ಲೆಕ್ಕ ಹಾಕಿ ನೋಡಿ. ಶೇ 20 ತೇವಾಂಶವಿರುವ 100 ಕ್ವಿಂಟಲ್ ಕಾಳಿನಲ್ಲಿ 20 ಕ್ವಿಂಟಲ್ ನೀರು, 80 ಕ್ವಿಂಟಲ್ ಒಣ ಪದಾರ್ಥ. ಅದೇ ಕಾಳು ಶೇ 14ಕ್ಕೆ ಇಳಿದಾಗ ತೂಕ ಸುಮಾರು 93 ಕ್ವಿಂಟಲ್ ಆಗುತ್ತದೆ. ಉಳಿದ 7 ಕ್ವಿಂಟಲ್ ಬಿಸಿಲಿಗೆ ಹೋಯಿತು. ಈಗ ಹಸಿ ಕಾಳನ್ನು ಕ್ವಿಂಟಲ್‌ಗೆ 1,700 ರೂಪಾಯಿಯಂತೆ ಮಾರಿದವನಿಗೂ, ಒಣಗಿಸಿ 1,828 ರೂಪಾಯಿಯಂತೆ ಮಾರಿದವನಿಗೂ ಕೈಗೆ ಬರುವ ಹಣ ಒಂದೇ, 1 ಲಕ್ಷದ 70 ಸಾವಿರ. ಒಬ್ಬ ವರದಿಗಾರ ಬೆಳಿಗ್ಗೆ ಮೊದಲನೆಯವನನ್ನು ಕೇಳಿ ‘ದರ ಕುಸಿತ’ ಎಂದು ಬರೆಯಬಹುದು, ಇನ್ನೊಬ್ಬ ಮಧ್ಯಾಹ್ನ ಎರಡನೆಯವನನ್ನು ಕೇಳಿ ‘ದರ ಚೇತರಿಕೆ’ ಎಂದು ಬರೆಯಬಹುದು. ಇಬ್ಬರೂ ಸುಳ್ಳು ಬರೆದಿಲ್ಲ. ನಮ್ಮ ಟಿವಿ ಚರ್ಚೆಗಳಲ್ಲಿ ಕೂಗಾಡುವವರ ಎಷ್ಟೋ ಜಗಳಗಳು ಈ ಜಾತಿಯವು. ತೇವಾಂಶ ಕೇಳದೆ ದರ ಹೋಲಿಸುವವು.

ಆ ತೇವಾಂಶವನ್ನು ಅಳೆಯುವ ಪುಟ್ಟ ಯಂತ್ರದ ಕಥೆ ಇನ್ನೂ ಸ್ವಾರಸ್ಯಕರ. ನನ್ನ ತಮ್ಮ ಒಂದೇ ಚೀಲದಿಂದ ತೆಗೆದ ಕಾಳನ್ನು ಎರಡು ಅಂಗಡಿಗೆ ಒಯ್ದ. ಒಂದರಲ್ಲಿ 17 ಬಂತು, ಇನ್ನೊಂದರಲ್ಲಿ ಹದಿನೈದೂವರೆ. ಮೋಸ ಎಂದು ಅವನು ಸಿಟ್ಟಾದ. ಮೋಸ ಇರಲೂಬಹುದು, ಆದರೆ ಆ ಮೀಟರು ನೀರನ್ನು ನೇರವಾಗಿ ಅಳೆಯುವುದೇ ಇಲ್ಲ. ಕಾಳಿನ ವಿದ್ಯುತ್ ಗುಣವನ್ನು ಅಳೆದು, ಅದರಿಂದ ನೀರಿನ ಪ್ರಮಾಣವನ್ನು ಅಂದಾಜು ಮಾಡುತ್ತದೆ. ವಿದ್ಯುತ್ ಕ್ಷೇತ್ರಕ್ಕೆ ಸ್ಪಂದಿಸುವ ಗುಣದ ಅಂಕಿ ನೀರಿಗೆ ಸುಮಾರು 80, ಒಣ ಕಾಳಿಗೆ ಒಂದಂಕಿಯೊಳಗೆ. ಈ ದೊಡ್ಡ ಅಂತರದ ಮೇಲೆ ಇಡೀ ವಿದ್ಯೆ ನಿಂತಿದೆ. ಬಿಸಿಲಿನಿಂದ ಆಗಷ್ಟೇ ತಂದ ಬಿಸಿ ಕಾಳು, ಒಳಗೆ ಒತ್ತಿ ತುಂಬಿದ ಕಾಳು, ಬೇರೆ ತಳಿಗೆ ಹೊಂದಿಸಿಟ್ಟ ಮೀಟರು, ಇವುಗಳಲ್ಲಿ ಯಾವುದಾದರೂ ಅಂಕಿಯನ್ನು ಏರುಪೇರು ಮಾಡಬಲ್ಲದು. ಮೀಟರನ್ನು ಕಾಲಕಾಲಕ್ಕೆ ಒಲೆಯಲ್ಲಿ ಒಣಗಿಸಿ ತೂಗಿದ ಮಾದರಿಯೊಂದಿಗೆ ಹೋಲಿಸಿ ಸರಿಪಡಿಸಬೇಕು. ಯಂತ್ರ ಬಂದರೆ ಪಕ್ಷಪಾತ ಹೋಗುತ್ತದೆ ಎನ್ನುವವರೂ, ಯಂತ್ರ ಬಂದದ್ದೇ ಮೋಸಕ್ಕೆ ಎನ್ನುವವರೂ, ಆ ಮೀಟರನ್ನು ಕೊನೆಯ ಬಾರಿ ಯಾರು ಪರೀಕ್ಷಿಸಿದರು ಎಂದು ಮಾತ್ರ ಕೇಳುವುದಿಲ್ಲ.

ಇನ್ನು ರಾಜಕಾರಣ. 2025-26ಕ್ಕೆ ಕೇಂದ್ರ ಸರ್ಕಾರ ಮೆಕ್ಕೆಜೋಳಕ್ಕೆ ಕ್ವಿಂಟಲ್‌ಗೆ 2,400 ರೂಪಾಯಿ ಬೆಂಬಲ ಬೆಲೆ ಘೋಷಿಸಿತು. ಹಿಂದಿನ ವರ್ಷ 2,225 ಇತ್ತು. ಉತ್ಪಾದನಾ ವೆಚ್ಚ 1,508 ರೂಪಾಯಿ, ಅದರ ಮೇಲೆ ಶೇ 59 ಲಾಭ ಎಂಬುದು ಸರ್ಕಾರದ ಲೆಕ್ಕ. ಈ ವೆಚ್ಚಕ್ಕೆ ‘ಎ2+ಎಫ್‌ಎಲ್’ ಎನ್ನುತ್ತಾರೆ: ರೈತ ಬೀಜ, ಗೊಬ್ಬರ, ಕೂಲಿಗೆ ಕೈಯಿಂದ ಕೊಟ್ಟದ್ದು, ಜೊತೆಗೆ ಮನೆಯವರ ದುಡಿಮೆಗೆ ಕಟ್ಟಿದ ಬೆಲೆ. ರೈತ ಸಂಘಟನೆಗಳು ಕೇಳುವುದು ‘ಸಿ2’ ಎಂಬ ಲೆಕ್ಕವನ್ನು. ಅದರಲ್ಲಿ ಸ್ವಂತ ಭೂಮಿಯ ಗೇಣಿ, ಸ್ವಂತ ಬಂಡವಾಳದ ಬಡ್ಡಿಯೂ ಸೇರುತ್ತವೆ. ‘ವೆಚ್ಚದ ಒಂದೂವರೆ ಪಟ್ಟು ಕೊಟ್ಟಿದ್ದೇವೆ’ ಎನ್ನುವ ಮಂತ್ರಿಯೂ, ‘ಕೊಟ್ಟಿಲ್ಲ’ ಎನ್ನುವ ರೈತ ನಾಯಕನೂ ಬೇರೆ ಬೇರೆ ವೆಚ್ಚದ ಬಗ್ಗೆ ಮಾತನಾಡುತ್ತಿದ್ದಾರೆ. ಆದರೆ ಇಲ್ಲಿ ನಾನು ತಟಸ್ಥನಾಗಿರಲಾರೆ. ಬೆಲೆ ಘೋಷಿಸಿ ಖರೀದಿ ಕೇಂದ್ರ ತೆರೆಯದಿದ್ದರೆ ಎ2 ಆದರೇನು, ಸಿ2 ಆದರೇನು, ತಮ್ಮನ ರಾಶಿಗೆ ಅದು ಗೋಡೆಯ ಮೇಲಿನ ಕ್ಯಾಲೆಂಡರು.

2025ರ ನವೆಂಬರಿನಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯ ಪ್ರಧಾನಿಗೆ ಪತ್ರ ಬರೆದು, ಮಾರುಕಟ್ಟೆಯಲ್ಲಿ ದರ 1,600ರಿಂದ 1,800 ರೂಪಾಯಿಗೆ ಇಳಿದಿದೆ, ಕೇಂದ್ರ ಮಧ್ಯಪ್ರವೇಶಿಸಬೇಕು ಎಂದು ಕೋರಿದರು. ಕೇಂದ್ರದ ಕಡೆಯವರು ಹೊಣೆಯನ್ನು ರಾಜ್ಯದ ಕಡೆಗೆ ತಿರುಗಿಸಿದರು. ಪಕ್ಷಾಭಿಮಾನಿಗಳಿಗೆ ಇಲ್ಲಿಗೆ ಸಾಕು. ತಮ್ಮ ತಮ್ಮ ವ್ಯಾಖ್ಯಾನ ಹಿಡಿದು ಮನೆಗೆ ಹೋಗಬಹುದು. ನಾವು ಸ್ವಲ್ಪ ಕೂತು, ಯಾವ ಕೀಲಿ ಯಾರ ಕೈಯಲ್ಲಿದೆ ಎಂದು ನೋಡೋಣ. ಬೆಂಬಲ ಬೆಲೆ ಕೇಂದ್ರದ್ದು. ಆಮದು ಸುಂಕ ಕೇಂದ್ರದ್ದು. ಕಬ್ಬು, ಧಾನ್ಯಗಳಿಂದ ತೆಗೆದು ಪೆಟ್ರೋಲಿಗೆ ಬೆರೆಸುವ ಎಥೆನಾಲ್‌ಗೆ ತೈಲ ಕಂಪನಿಗಳು ಕೊಡುವ ದರ ಕೇಂದ್ರದ್ದು. ಭಾರತೀಯ ಆಹಾರ ನಿಗಮದ ಗೋದಾಮಿನ ಅಕ್ಕಿಯನ್ನು ಯಾರಿಗೆ ಎಷ್ಟಕ್ಕೆ ಮಾರಬೇಕೆಂಬ ತೀರ್ಮಾನವೂ ಕೇಂದ್ರದ್ದೇ. ಎಪಿಎಂಸಿ ಕಾಯ್ದೆ, ಮಾರುಕಟ್ಟೆಯಲ್ಲಿ ಒಣಗಿಸುವ ಕಟ್ಟೆ, ಮೀಟರಿನ ತಪಾಸಣೆ, ಖರೀದಿ ಕೇಂದ್ರವನ್ನು ಸಕಾಲದಲ್ಲಿ ತೆರೆಯುವ ಸಿದ್ಧತೆ, ಇವು ರಾಜ್ಯದವು. ಬೆಲೆ ಬಿದ್ದದ್ದಕ್ಕೆ ದೊಡ್ಡ ಕಾರಣಗಳು ಮೊದಲ ಗುಂಪಿನಲ್ಲಿವೆ. ಬಿದ್ದ ಬೆಲೆಯಲ್ಲೂ ರೈತ ಇನ್ನಷ್ಟು ಕಳೆದುಕೊಂಡದ್ದಕ್ಕೆ ಕಾರಣಗಳು ಎರಡನೆಯದರಲ್ಲಿವೆ. ಇದು ನನ್ನ ಅಭಿಪ್ರಾಯ, ಮತ್ತು ಇದು ಎರಡೂ ಪಕ್ಷದ ನನ್ನ ಸ್ನೇಹಿತರಿಗೆ ಹಿಡಿಸಿಲ್ಲ.

ಎಥೆನಾಲ್ ವಿಷಯದಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲಬೇಕು, ಏಕೆಂದರೆ ಈ ಭಾಗದ ಹೊಲಗಳ ಹಣೆಬರಹ ಈಗ ಪೆಟ್ರೋಲ್ ಟ್ಯಾಂಕಿಗೆ ಗಂಟು ಬಿದ್ದಿದೆ. ಪೆಟ್ರೋಲಿನಲ್ಲಿ ಶೇ 10 ಎಥೆನಾಲ್ ಬೆರೆಸುವ ಗುರಿಯನ್ನು ದೇಶ 2022ರ ಜೂನ್‌ನಲ್ಲಿ ಮುಟ್ಟಿತು. 2030ಕ್ಕೆಂದು ಇಟ್ಟುಕೊಂಡಿದ್ದ ಶೇ 20ರ ಗುರಿಯನ್ನು ಮುಂದಕ್ಕೆ ಎಳೆದು 2025ರಲ್ಲೇ ಮುಟ್ಟಿದರು. 2023ರ ಡಿಸೆಂಬರಿನಲ್ಲಿ ಸಕ್ಕರೆ ಸಾಲದೆಂಬ ಚಿಂತೆಯಿಂದ ಎಥೆನಾಲ್‌ಗೆ ಕಬ್ಬಿನ ಹಾಲು ಬಳಸುವುದಕ್ಕೆ ಕಡಿವಾಣ ಬಿದ್ದಾಗ ಅದನ್ನು ತಯಾರಿಸುವ ಡಿಸ್ಟಿಲರಿಗಳು ಮೆಕ್ಕೆಜೋಳದ ಕಡೆ ತಿರುಗಿದವು. ಅದರಿಂದ ತೆಗೆದ ಎಥೆನಾಲ್‌ಗೆ ಲೀಟರಿಗೆ 71 ರೂಪಾಯಿ 86 ಪೈಸೆ ನಿಗದಿಯಾಯಿತು. ಒಂದು ಕ್ವಿಂಟಲ್ ಕಾಳಿನಿಂದ ಸುಮಾರು 38 ಲೀಟರ್ ಬರುತ್ತದೆ ಎಂದರೆ 2,730 ರೂಪಾಯಿ ಆದಾಯ, ಜೊತೆಗೆ ಉಳಿದ ಹಿಂಡಿಯ ಬೆಲೆ. ಆಗ ನಮ್ಮ ಕಾಳಿಗೆ ಒಳ್ಳೆಯ ಕಾಲ ಬಂತು. ಕೋಳಿ ಸಾಕಣೆಯವರು ಮೇವಿನ ಖರ್ಚು ತಾಳಲಾರೆವು ಎಂದು ಗೋಳಿಟ್ಟರು. ಮೆಕ್ಕೆಜೋಳ ರಫ್ತು ಮಾಡುತ್ತಿದ್ದ ದೇಶ 2024ರಲ್ಲಿ ಮ್ಯಾನ್ಮಾರ್‌ನಿಂದಲೂ ಉಕ್ರೇನ್‌ನಿಂದಲೂ ತರಿಸಿಕೊಂಡಿತು. ರೈತರು ಬೆಲೆ ನೋಡಿ ಇನ್ನಷ್ಟು ಬಿತ್ತಿದರು, 2024-25ರಲ್ಲಿ ದೇಶದ ಉತ್ಪಾದನೆ 4 ಕೋಟಿ ಟನ್ ದಾಟಿತು.

ಅಷ್ಟರಲ್ಲಿ ಇನ್ನೊಂದು ಕೀಲಿ ತಿರುಗಿತು. 2025ರ ಜನವರಿಯಲ್ಲಿ ಕೇಂದ್ರವು ಆಹಾರ ನಿಗಮದ ಅಕ್ಕಿಯನ್ನು ಡಿಸ್ಟಿಲರಿಗಳಿಗೆ ಕ್ವಿಂಟಲ್‌ಗೆ 2,800ರ ಬದಲು 2,250 ರೂಪಾಯಿಗೆ ಕೊಡಲು ತೀರ್ಮಾನಿಸಿತು, ಮುಂದೆ ಅದರ ಪ್ರಮಾಣವನ್ನು 52 ಲಕ್ಷ ಟನ್‌ಗೆ ಏರಿಸಿತು. ಗೋದಾಮು ತುಂಬಿ ತುಳುಕುತ್ತಿತ್ತು, ಬೇರೆ ದಾರಿಯಿರಲಿಲ್ಲ ಎಂಬುದು ಒಂದು ವ್ಯಾಖ್ಯಾನ. ಕನ್ನಡಿಗರಿಗೆ ಇನ್ನೊಂದು ನೆನಪಾಗುತ್ತದೆ: 2023ರ ಜೂನ್‌ನಲ್ಲಿ ಅನ್ನಭಾಗ್ಯಕ್ಕೆ ಅಕ್ಕಿ ಕೇಳಿದಾಗ ರಾಜ್ಯಗಳಿಗೆ ಮಾರಾಟವನ್ನೇ ನಿಲ್ಲಿಸಲಾಗಿತ್ತು, ಅಕ್ಕಿಯ ಬದಲು ಕೆಜಿಗೆ 34 ರೂಪಾಯಿಯಂತೆ ತಲೆಗೆ 170 ರೂಪಾಯಿ ಖಾತೆಗೆ ಬಿತ್ತು. ಎರಡು ವರ್ಷದೊಳಗೆ ಅದೇ ಧಾನ್ಯ ಇಪ್ಪತ್ತೆರಡೂವರೆ ರೂಪಾಯಿಗೆ ಭಟ್ಟಿಗೆ ಹೋಯಿತು. ಇದರಲ್ಲಿ ರಾಜಕೀಯವೇ ಇಲ್ಲ ಎನ್ನುವವರ ಜೊತೆ ವಾದ ಮಾಡುವ ವಯಸ್ಸು ನನ್ನದಲ್ಲ. ಆದರೆ ನಮ್ಮ ರಾಶಿಗೆ ಸಂಬಂಧಿಸಿದ ಮಾತು ಇಷ್ಟೇ: 2,400ಕ್ಕೆ ಮೆಕ್ಕೆಜೋಳ ಕೊಳ್ಳಬೇಕಾದವನಿಗೆ 2,250ಕ್ಕೆ ಒಣಗಿದ, ಒಂದೇ ಗುಣಮಟ್ಟದ ಅಕ್ಕಿ ಸಿಕ್ಕಿದರೆ ಅವನು ಆನಗೋಡಿಗೆ ಏಕೆ ಬರುತ್ತಾನೆ? ಎಥೆನಾಲ್ ರೈತನನ್ನು ಉದ್ಧಾರ ಮಾಡಿತು ಎಂದವರು 2024ರಲ್ಲಿ ನಿಂತು ಹೇಳಿದರು, ಹಾಳು ಮಾಡಿತು ಎಂದವರು 2025ರಲ್ಲಿ ನಿಂತು ಹೇಳಿದರು. ನನ್ನ ಮಟ್ಟಿಗೆ ಅದು ಮಾಡಿದ್ದು ಬೇರೆ: ಮೊದಲು ಕೋಳಿ ಮೇವಿನವರನ್ನು ನಂಬಿದ್ದ ಬೆಳೆಗಾರನನ್ನು ದೆಹಲಿಯ ಒಂದು ಸುತ್ತೋಲೆಗೆ ಕಟ್ಟಿಹಾಕಿತು.

ಅಮೆರಿಕದ ಮೆಕ್ಕೆಜೋಳದ ಬಗ್ಗೆ ಯಾರಾದರೂ ಕೇಳಿಯೇ ಕೇಳುತ್ತೀರಿ, ಹಾಗಾಗಿ ಚಿಕ್ಕದಾಗಿ ಹೇಳಿಬಿಡುತ್ತೇನೆ. 5 ಲಕ್ಷ ಟನ್‌ವರೆಗಿನ ಆಮದಿಗೆ ಶೇ 15, ಅದರಾಚೆಗೆ ಶೇ 50 ಸುಂಕ ಎಂಬ ವ್ಯವಸ್ಥೆಯನ್ನು ನಾವು ಇಟ್ಟುಕೊಂಡು ಬಂದವರು. ಕುಲಾಂತರಿ ಮೆಕ್ಕೆಜೋಳದ ಕೃಷಿಗೆ ಇಲ್ಲಿ ಅನುಮತಿ ಇಲ್ಲ, ಅಲ್ಲಿ ಬೆಳೆಯುವುದು ಬಹುಪಾಲು ಅದನ್ನೇ. 2025ರ ಆಗಸ್ಟ್‌ನಲ್ಲಿ ಅವರು ನಮ್ಮ ಸರಕಿನ ಮೇಲೆ ಶೇ 50 ಸುಂಕ ಹೇರಿದ ಜಗಳದಲ್ಲಿ ಈ ಕಾಳೂ ಒಂದು ಎಳೆ. ಆ ಹಂಗಾಮಿನಂತೆ ಇಲ್ಲಿನ ದರ 1,700ರ ಆಸುಪಾಸಿನಲ್ಲಿರುವಾಗ ಆಮದಿಗೆ ಬಾಗಿಲು ತೆರೆಯುವ ಮಾತಾಡುವುದು, ಸುಂಕದ ಶಾಸ್ತ್ರದಲ್ಲಿ ಏನೇ ಇರಲಿ, ಕೊಯ್ಲಿನ ತಿಂಗಳಲ್ಲಿ ಆಡುವ ಮಾತಲ್ಲ.

ಕೊನೆಯದಾಗಿ ಕೃತಕ ಬುದ್ಧಿಮತ್ತೆ. ತಮ್ಮನ ಮಗ ಎಂಜಿನಿಯರಿಂಗ್ ಓದುತ್ತಿದ್ದಾನೆ. ಅಪ್ಪ ಕಾಳು ತಿರುವುತ್ತಿದ್ದಾಗ ಅವನು ಕಲ್ಲಿನ ಮೇಲೆ ಕೂತು ಫೋನನ್ನು ಕನ್ನಡದಲ್ಲೇ ಕೇಳಿದ: ದಾವಣಗೆರೆಯಲ್ಲಿ ಇವತ್ತು ಮೆಕ್ಕೆಜೋಳದ ದರ ಎಷ್ಟು? ಶುದ್ಧವಾದ ಕನ್ನಡದಲ್ಲಿ, ಎಳ್ಳಷ್ಟೂ ಅಳುಕಿಲ್ಲದೆ ಉತ್ತರ ಬಂತು: 2,225 ರೂಪಾಯಿ. ‘ದೊಡ್ಡಪ್ಪ, ಇದು ಹೋದ ವರ್ಷದ ಬೆಂಬಲ ಬೆಲೆ ಅಲ್ವಾ?’ ಎಂದ ಹುಡುಗ. ಹೌದು, ಅದೇ. ಆ ತಂತ್ರಾಂಶವನ್ನು ಮಾಡಿದವರು ನಮಗೆ ಮೋಸ ಮಾಡಲು ಕೂತಿರಲಿಲ್ಲ. ಇಂಥ ಭಾಷಾ ಮಾದರಿಗಳು ಅಪಾರ ಬರಹವನ್ನು ಓದಿ, ಯಾವ ಪದದ ಮುಂದೆ ಯಾವ ಪದ ಬರುವ ಸಂಭವ ಹೆಚ್ಚು ಎಂಬುದನ್ನು ಕಲಿತಿರುತ್ತವೆ. ಬೆಂಬಲ ಬೆಲೆಯನ್ನು ಪ್ರಕಟಣೆಗಳಲ್ಲಿ, ಪತ್ರಿಕೆಗಳಲ್ಲಿ, ಭಾಷಣಗಳಲ್ಲಿ ಸಾವಿರ ಸಲ ಬರೆದಿರುತ್ತಾರೆ. ಯಾರ್ಡಿನ ಅಂಗಡಿಯಲ್ಲಿ ಅವತ್ತು ನಡೆದ ದರವನ್ನು ಒಂದು ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದು ಸಂಜೆಗೆ ಒರೆಸಿರುತ್ತಾರೆ. ಹೆಚ್ಚು ಸಲ ಬರೆದದ್ದು ಯಂತ್ರಕ್ಕೆ ಹೆಚ್ಚು ನಿಜವಾಗಿ ಕಾಣುತ್ತದೆ. ಹೊಸ ಮಾಹಿತಿಯನ್ನು ಹುಡುಕಿ ತಂದು ಉತ್ತರಿಸುವ ವ್ಯವಸ್ಥೆಗಳೂ ಬಂದಿವೆ, ಆದರೆ ತರಲು ಅಲ್ಲಿ ಬರೆದಿಟ್ಟದ್ದು ಏನಾದರೂ ಇರಬೇಕಲ್ಲ. ಈ ತಂತ್ರಜ್ಞಾನ ಉದ್ಯೋಗ ತಿನ್ನುತ್ತದೆಯೋ ಕೊಡುತ್ತದೆಯೋ ಎಂದು ಬೆಂಗಳೂರಿನಲ್ಲಿ ನಡೆಯುವ ಚರ್ಚೆಯನ್ನು ನಾನು ಕಡೆಗಣಿಸುವುದಿಲ್ಲ. ಹತ್ತಿ ಗಿರಣಿಗಳು ಒಂದೊಂದಾಗಿ ಬಾಗಿಲು ಹಾಕಿದ್ದನ್ನು ನೋಡಿದ ಊರು ನಮ್ಮದು. ಆದರೆ ನಮ್ಮ ಮಟ್ಟಿಗೆ ಮೊದಲ ಪ್ರಶ್ನೆ, ನಮ್ಮ ಮಾರುಕಟ್ಟೆಯ ಸಂಗತಿ ಕನ್ನಡದಲ್ಲಿ ಎಲ್ಲಿ ದಾಖಲಾಗಿದೆ ಎಂಬುದು.

ಹುಡುಗ ಈಗ ಒಂದು ಕೆಲಸ ಹಚ್ಚಿಕೊಂಡಿದ್ದಾನೆ. ಪ್ರತಿ ಸಲ ಕಾಳು ಮಾರಿದಾಗ ತಾರೀಖು, ತೇವಾಂಶ, ದರ, ಹಣ ಕೈಗೆ ಬರಲು ಹಿಡಿದ ದಿನ, ಇಷ್ಟನ್ನು ಬರೆದಿಡುತ್ತಾನೆ. ಹಳೆಯದನ್ನೂ ಸೇರಿಸೋಣವೆಂದು ಅಪ್ಪನ ಟ್ರಂಕಿನಿಂದ ಹನ್ನೊಂದು ವರ್ಷದ ದಲ್ಲಾಳಿ ಪಟ್ಟಿಗಳನ್ನು ತೆಗೆಸಿದ. ನಾನೂ ಅವನೂ ಒಂದು ಭಾನುವಾರ ಕೂತು ಅವನ್ನೆಲ್ಲ ಹರವಿಕೊಂಡು ನೋಡಿದೆವು. ಚೀಲದ ಎಣಿಕೆ ಇದೆ, ತೂಕ ಇದೆ, ದರ ಇದೆ, ಹಮಾಲಿ ಕಳೆದದ್ದು ಇದೆ. ತೇವಾಂಶ ಬರೆದದ್ದು ಎರಡು ಪಟ್ಟಿಗಳಲ್ಲಿ ಮಾತ್ರ.