ಕ್ರೀಟ್‌ನಲ್ಲಿ ಎಲ್ಲಿ ತಂಗಬೇಕು?

ಕೇಳುಗರಿಗೆ ನಮಸ್ಕಾರ.

ಮೆಡಿಟರೇನಿಯನ್ ಸಮುದ್ರದ ಯಾವುದಾದರೂ ದ್ವೀಪದಲ್ಲಿ ಒಂದು ವಾರ ಇದ್ದು ಬರಬೇಕೆಂಬ ಆಸೆ ಈಗ ನಮ್ಮವರಲ್ಲಿ ಹಲವರಿಗಿದೆ. ಬೆಂಗಳೂರಿನಿಂದ ಹೊರಟು ಅಥೆನ್ಸ್ ಮೂಲಕ ಹೋಗುವವರಿದ್ದಾರೆ. ಜರ್ಮನಿಯಲ್ಲೋ ನೆದರ್‌ಲ್ಯಾಂಡ್ಸ್‌ನಲ್ಲೋ ಕೆಲಸದಲ್ಲಿರುವ ಮಕ್ಕಳು ಬೇಸಿಗೆಯಲ್ಲಿ ಅಪ್ಪ ಅಮ್ಮನನ್ನು ಕರೆಸಿಕೊಂಡು ಅಲ್ಲಿಂದಲೇ ನೇರ ವಿಮಾನದಲ್ಲಿ ಕರೆದೊಯ್ಯುವುದೂ ಉಂಟು. ಟಿಕೆಟ್ ದರವನ್ನು ತಿಂಗಳುಗಟ್ಟಲೆ ಅಳೆದು ತೂಗುವ ಇವರು ಎಲ್ಲಿ ಉಳಿಯಬೇಕೆಂಬುದನ್ನು ಮಾತ್ರ ಒಂದೇ ಸಂಜೆಯಲ್ಲಿ, ಮೊಬೈಲ್‌ನಲ್ಲಿ ಈಜುಕೊಳದ ಚಿತ್ರ ನೋಡಿ, ತೀರ್ಮಾನಿಸಿಬಿಡುತ್ತಾರೆ. ನನಗೆ ಇದು ಬೇಸರದ ಸಂಗತಿ. ದ್ವೀಪದಲ್ಲಿ ನೀವು ಏನು ನೋಡುತ್ತೀರಿ, ಏನು ಉಣ್ಣುತ್ತೀರಿ, ಯಾರೊಡನೆ ಮಾತನಾಡುತ್ತೀರಿ ಎಂಬುದೆಲ್ಲ ತಂಗುವ ಊರಿನ ಮೇಲೆ ನಿಂತಿದೆ. ಆ ಊರಿನಲ್ಲಿ ಪ್ರವಾಸಿಗರು ಇರಲಿ ಬಿಡಲಿ, ವರ್ಷವಿಡೀ ಜನ ಬಾಳುತ್ತಿರಬೇಕು ಎಂಬುದು ನನ್ನ ಹಠ. ಗ್ರೀಸ್ ದೇಶದ ಕ್ರೀಟ್ ದ್ವೀಪವನ್ನೇ ಮುಂದಿಟ್ಟುಕೊಂಡು ಆ ಹಠದ ಕಾರಣವನ್ನು ಹೇಳುತ್ತೇನೆ.

ದ್ವೀಪವೆಂದರೆ ಒಂದು ದಿನದಲ್ಲಿ ಸುತ್ತಿಬರುವಷ್ಟು ಜಾಗ ಎಂದುಕೊಂಡು ಹೋಗುವವರೇ ಹೆಚ್ಚು. ಕ್ರೀಟ್‌ನ ವಿಸ್ತೀರ್ಣ ಸುಮಾರು 8,300 ಚದರ ಕಿಲೋಮೀಟರ್, ಹೆಚ್ಚುಕಡಿಮೆ ನಮ್ಮ ಶಿವಮೊಗ್ಗ ಜಿಲ್ಲೆಯಷ್ಟು. ಆದರೆ ಪೂರ್ವ ಪಶ್ಚಿಮವಾಗಿ ಅದರ ಉದ್ದ 260 ಕಿಲೋಮೀಟರ್, ಅಗಲ ಕೆಲವೆಡೆ 12 ಕಿಲೋಮೀಟರ್, ಹೆಚ್ಚೆಂದರೆ 60. ಈ ಉದ್ದಕ್ಕೂ ಬೆಟ್ಟಗಳು ನಿಂತಿವೆ. ನಡುಭಾಗದ ಪ್ಸಿಲೊರೀತಿಸ್ ಶಿಖರದ ಎತ್ತರ 2,456 ಮೀಟರ್. ಪಶ್ಚಿಮದ ಬಿಳಿ ಬೆಟ್ಟಗಳ ಪಹ್ನೆಸ್ ಶಿಖರ ಅದಕ್ಕಿಂತ ಮೂರೇ ಮೀಟರ್ ಕಡಿಮೆ. ದೊಡ್ಡ ಊರುಗಳಲ್ಲಿ ಹೆಚ್ಚಿನವು ಉತ್ತರ ತೀರದಲ್ಲಿವೆ. ಪಶ್ಚಿಮದಿಂದ ಪೂರ್ವಕ್ಕೆ ಹನ್ಯಾ, ರೆಥಿಮ್ನೊ, ರಾಜಧಾನಿ ಹೆರಾಕ್ಲಿಯಾನ್, ಅಯೊಸ್ ನಿಕೊಲಾವೊಸ್. ಇವುಗಳನ್ನು ಜೋಡಿಸುವ ಹೆದ್ದಾರಿಯೂ ಉತ್ತರದಲ್ಲೇ ಇದೆ. ದಕ್ಷಿಣ ತೀರಕ್ಕೆ ಹೋಗಬೇಕಾದರೆ ಬಹುತೇಕ ಕಡೆ ಬೆಟ್ಟ ಹತ್ತಿ ಇಳಿಯಬೇಕು. ನಕ್ಷೆಯಲ್ಲಿ ಒಂದು ಬೆರಳಿನಷ್ಟು ಕಾಣುವ ದೂರಕ್ಕೆ ಅಲ್ಲಿ ಅರ್ಧ ದಿನ ಹಿಡಿಯಬಹುದು.

ಇದನ್ನು ತಿಳಿಯದೆ ಕೋಣೆ ಕಾದಿರಿಸಿದರೆ ಏನಾಗುತ್ತದೆ? ಸಮರಿಯಾ ಕಮರಿಯ ಉದಾಹರಣೆ ನೋಡಿ. ಕ್ರೀಟ್‌ಗೆ ಹೋದವರಲ್ಲಿ ಕಾಲಿನಲ್ಲಿ ಕಸುವಿರುವ ಪ್ರತಿಯೊಬ್ಬರೂ ಇಳಿಯಬೇಕೆನ್ನುವ ಕಣಿವೆ ಅದು. ಒಮಾಲೊಸ್ ಪ್ರಸ್ಥಭೂಮಿಯಲ್ಲಿ 1,200 ಮೀಟರ್‌ಗೂ ಹೆಚ್ಚು ಎತ್ತರದಿಂದ ಹೊರಟು, ಬಂಡೆಗೋಡೆಗಳ ನಡುವೆ 16 ಕಿಲೋಮೀಟರ್ ನಡೆದರೆ, ಅಯಾ ರೂಮೆಲಿ ಎಂಬ ಸಮುದ್ರದಂಚಿನ ಹಳ್ಳಿ ಸಿಗುತ್ತದೆ. ಆ ಹಳ್ಳಿಗೆ ರಸ್ತೆಯಿಲ್ಲ. ಸಂಜೆಯ ದೋಣಿ ಹಿಡಿದು ರಸ್ತೆಯಿರುವ ಊರಿಗೆ ಬಂದು, ಅಲ್ಲಿಂದ ಬಸ್ಸಿನಲ್ಲಿ ಬೆಟ್ಟ ದಾಟಿ ಮರಳಬೇಕು. ಹನ್ಯಾದಲ್ಲಿ ತಂಗಿದವರು ನಸುಕಿನಲ್ಲಿ ಬಸ್ ಹತ್ತಿ, ರಾತ್ರಿಯ ಊಟದ ಹೊತ್ತಿಗೆ ವಾಪಸಾಗುತ್ತಾರೆ. ದಣಿವಾದರೂ ಸುಖದ ದಣಿವು. ಆದರೆ ಅಗ್ಗದ ದರಕ್ಕೆ ಮರುಳಾಗಿ ಹೆರಾಕ್ಲಿಯಾನ್‌ನ ಪೂರ್ವಕ್ಕಿರುವ ಹೆರ್ಸೊನಿಸೊಸ್‌ನಲ್ಲಿ ಕೋಣೆ ಹಿಡಿದವರು ಹನ್ಯಾ ಮುಟ್ಟಲಿಕ್ಕೇ 160 ಕಿಲೋಮೀಟರ್‌ಗೂ ಹೆಚ್ಚು ಸಾಗಬೇಕು. ಅವರು ನಡುರಾತ್ರಿ ಕಳೆದ ಮೇಲೆ ಏಳಬೇಕು, ಮರಳುವುದೂ ನಡುರಾತ್ರಿಗೆ ಹತ್ತಿರ. ಕೊಟ್ಟ ಹಣದಲ್ಲಿ ಉಳಿಸಿದ್ದನ್ನು ನಿದ್ದೆಯಲ್ಲಿ ಕಟ್ಟಿದಂತಾಯಿತು.

ಹೆರ್ಸೊನಿಸೊಸ್, ಅದರಾಚೆಯ ಮಾಲಿಯಾ, ಇವು ಬೇಸಿಗೆಯ ಜಾತ್ರೆಯನ್ನೇ ನಂಬಿ ಬೆಳೆದ ಕಡಲತೀರದ ಬೀದಿಗಳು. ರಾತ್ರಿಯಿಡೀ ಸಂಗೀತ, ಕುಡಿತ, ಕುಣಿತ ಬೇಕೆನ್ನುವ ಇಪ್ಪತ್ತರ ಹರೆಯದವರಿಗೆ ಅವು ಸರಿ. ಕುಟುಂಬದೊಂದಿಗೆ ಹೋಗುವವರಿಗೆ ಖಂಡಿತ ಬೇಡ ಎನ್ನುತ್ತೇನೆ. ಚಳಿಗಾಲ ಬಂತೆಂದರೆ ಅಂಥ ಬೀದಿಗಳಲ್ಲಿ ಹೋಟೆಲ್, ಅಂಗಡಿ ಬಹುಪಾಲು ಬಾಗಿಲು ಹಾಕುತ್ತವೆ. ಬೇಸಿಗೆಯಲ್ಲಿ ಅಲ್ಲಿ ಸಿಗುವ ಊಟವೂ ಮುಂದಿನ ವರ್ಷ ಮರಳಿ ಬಾರದ ಗಿರಾಕಿಗಾಗಿ ಮಾಡಿದ ಊಟ.

ಹನ್ಯಾದ ಹಳೆಯ ಪೇಟೆಯ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು, ಏಕೆಂದರೆ ಹೆಚ್ಚಿನವರ ಮನಸ್ಸು ಅಲ್ಲೇ ನಿಲ್ಲುತ್ತದೆ. ಹಿಂದೆ ದ್ವೀಪವನ್ನಾಳಿದ ವೆನಿಸ್‌ನವರು ಕಟ್ಟಿದ ಬಂದರು, ಅದರ ತುದಿಯಲ್ಲಿ ದೀಪಸ್ತಂಭ. ಈಗ ಕಾಣುವ ಸ್ತಂಭವನ್ನು 1830ರ ದಶಕದಲ್ಲಿ, ದ್ವೀಪ ಈಜಿಪ್ಟಿನವರ ಕೈಯಲ್ಲಿದ್ದಾಗ, ಹಳೆಯದರ ಜಾಗದಲ್ಲಿ ಮತ್ತೆ ಕಟ್ಟಿದರು. ಬಂದರಿಗೆ ಮುಖ ಮಾಡಿದ ಕಿಟಕಿಯ ಕೋಣೆಗೆ ದರ ಹೆಚ್ಚು, ಬೇಡಿಕೆಯೂ ಹೆಚ್ಚು. ಆದರೆ ಆ ಕಿಟಕಿಯ ಕೆಳಗೇ ಹೋಟೆಲ್‌ಗಳ ಮೇಜುಗಳಿರುತ್ತವೆ. ನಡುರಾತ್ರಿ ಕಳೆದರೂ ಗಲಾಟೆ ಅಡಗುವುದಿಲ್ಲ. ನನ್ನ ಆಯ್ಕೆ ಬಂದರಿನಿಂದ ಎರಡು ಮೂರು ಓಣಿ ಹಿಂದೆ, ಪೂರ್ವದ ಸ್ಪ್ಲಾಂಜಿಯಾ ಬಡಾವಣೆ. ಅಲ್ಲಿನ ಸಂತ ನಿಕೋಲಸ್ ಚರ್ಚಿಗೆ ಒಂದು ಬದಿಯಲ್ಲಿ ಗಂಟೆಗೋಪುರವಿದೆ, ಇನ್ನೊಂದು ಬದಿಯಲ್ಲಿ ತುರ್ಕರ ಕಾಲದ ಮಿನಾರು ಹಾಗೆಯೇ ಉಳಿದಿದೆ. ಮುಂದಿನ ಚೌಕದಲ್ಲಿ ದೊಡ್ಡ ಮರದ ನೆರಳು, ನೆರಳಿನಲ್ಲಿ ಕಾಫಿ ಮೇಜುಗಳು, ಮೇಜುಗಳ ಸುತ್ತ ಊರಿನ ಹಿರಿಯರು. ಬಂದರು ಐದು ನಿಮಿಷದ ನಡಿಗೆ. ನೋಡಬೇಕೆನಿಸಿದಾಗ ಹೋಗಿ ನೋಡಿ ಬಂದರಾಯಿತು. ಅದರ ಸದ್ದನ್ನು ತಲೆದಿಂಬಿನ ಬಳಿ ಇಟ್ಟುಕೊಳ್ಳುವ ಅಗತ್ಯವಿಲ್ಲ.

ಹಳೆಯ ಪೇಟೆಯ ಮನೆಗಳ ಒಳಗನ್ನೂ ತಿಳಿದು ಹೋಗಿ. ಕಿರಿದಾದ ಮುಂಭಾಗ, ಒಳಗೆ ಕಡಿದಾದ ಮರದ ಮೆಟ್ಟಿಲು, ಎಷ್ಟೋ ಕಡೆ ಹಾಸಿಗೆ ಇರುವುದು ಅಟ್ಟದ ಮೇಲೆ. ಫೋಟೊದಲ್ಲಿ ಬಲು ಚೆಂದ. ರಾತ್ರಿ ಎರಡು ಸಲ ಏಳಬೇಕಾದ, ಮಂಡಿನೋವಿರುವ ತಂದೆಗೆ ಅದು ಶಿಕ್ಷೆ. ಲಿಫ್ಟ್ ಇರುವುದಿಲ್ಲ. ಟ್ಯಾಕ್ಸಿ ಓಣಿಯ ಬಾಯಲ್ಲೇ ನಿಲ್ಲುತ್ತದೆ. ಅಲ್ಲಿಂದ ಕಲ್ಲುಹಾಸಿನ ಮೇಲೆ ಪೆಟ್ಟಿಗೆ ಎಳೆಯಬೇಕು. ಬಿಸಿನೀರು ಬಹುತೇಕ ಕಡೆ ತಾರಸಿಯ ಸೋಲಾರ್‌ನಿಂದ ಬರುತ್ತದೆ. ಶೌಚಾಲಯದ ಕೊಳವೆಗಳು ಸಣ್ಣವು. ಕಾಗದವನ್ನು ಪಕ್ಕದ ಬುಟ್ಟಿಗೇ ಹಾಕಬೇಕು, ಗ್ರೀಸ್‌ನ ಬಹುಪಾಲು ಕಡೆ ಇದೇ ರೂಢಿ. ಇವೆಲ್ಲ ಗೊತ್ತಿದ್ದರೆ ಸಣ್ಣ ಸಂಗತಿಗಳು, ಗೊತ್ತಿಲ್ಲದೆ ಹೋದರೆ ಮೊದಲ ದಿನವೇ ಮನೆಮಂದಿಯ ಮುಖ ಬಾಡುತ್ತದೆ. ವಯಸ್ಸಾದವರು ಜೊತೆಗಿದ್ದರೆ ಹಳೆಯ ಪೇಟೆಯ ಪಶ್ಚಿಮಕ್ಕಿರುವ ನೆಯಾ ಹೋರಾ ನೋಡಿ. ಸಮತಟ್ಟಾದ ಬೀದಿ, ಲಿಫ್ಟ್ ಇರುವ ಸಾಧಾರಣ ಕಟ್ಟಡಗಳು, ಎದುರಿಗೇ ಮರಳಿನ ತೀರ. ಊರಿನ ಅಜ್ಜಿಯರು ಬೆಳಗ್ಗೆ ಟೋಪಿ ಹಾಕಿಕೊಂಡು ಕುತ್ತಿಗೆಯವರೆಗಿನ ನೀರಿನಲ್ಲಿ ನಿಂತು ಹರಟುವ ಜಾಗ ಅದು. ಬಂದರಿಗೆ ಅಲ್ಲಿಂದಲೂ ನಡೆದೇ ಹೋಗಬಹುದು.

ಮೊದಲ ಸಲ ಹೋಗುವವರು, ಒಂದೇ ಊರಿನಲ್ಲಿ ಉಳಿದು ಎರಡೂ ದಿಕ್ಕಿಗೆ ಓಡಾಡುತ್ತೇವೆ ಎಂದರೆ, ನಾನು ರೆಥಿಮ್ನೊ ಹೆಸರು ಹೇಳುತ್ತೇನೆ. ಹನ್ಯಾಕ್ಕೆ ಸುಮಾರು 60 ಕಿಲೋಮೀಟರ್, ಹೆರಾಕ್ಲಿಯಾನ್‌ಗೆ ಸುಮಾರು 80. ಎರಡೂ ಕಡೆ ಬಸ್ಸುಗಳು ದಿನವಿಡೀ ಓಡುತ್ತವೆ. ಹಳೆಯ ಪೇಟೆ ಮುಗಿಯುವಲ್ಲೇ ಪೂರ್ವಕ್ಕೆ ಹತ್ತು ಕಿಲೋಮೀಟರ್‌ಗೂ ಹೆಚ್ಚು ಉದ್ದದ ಮರಳಿನ ತೀರ ಶುರುವಾಗುತ್ತದೆ. ಕ್ರೀಟ್ ವಿಶ್ವವಿದ್ಯಾಲಯದ ಒಂದು ಆವರಣ ಇಲ್ಲಿರುವುದರಿಂದ ಚಳಿಗಾಲದಲ್ಲೂ ಊರು ವಿದ್ಯಾರ್ಥಿಗಳಿಂದ ತುಂಬಿರುತ್ತದೆ. ಹಾಗಾಗಿ ಬೇಕರಿ, ಪುಸ್ತಕದಂಗಡಿ, ಅಗ್ಗದ ಊಟದ ಮನೆ ಎಲ್ಲವೂ ಊರಿನವರಿಗಾಗಿಯೇ ಇವೆ.

ಹೆರಾಕ್ಲಿಯಾನ್ ನೋಡಲು ಗಡಿಬಿಡಿಯ ನಗರ. ಆದರೂ ಎರಡು ರಾತ್ರಿ ಕೊಡಿ. ನಗರದಿಂದ ಐದು ಕಿಲೋಮೀಟರ್ ದೂರದಲ್ಲಿ ಕ್ನೊಸೊಸ್ ಎಂಬ ಪ್ರಾಚೀನ ಅರಮನೆಯ ಅವಶೇಷವಿದೆ. ಬ್ರಿಟಿಷ್ ಪುರಾತತ್ವಜ್ಞ ಆರ್ಥರ್ ಇವಾನ್ಸ್ 1900ರಲ್ಲಿ ಅಗೆಯಲು ತೊಡಗಿದ್ದು ಅದನ್ನೇ. ಸಿಟಿ ಬಸ್ಸಿನಲ್ಲೇ ಹೋಗಬಹುದು. ನಗರದಲ್ಲಿ ತಂಗಿದವರು ಬಾಗಿಲು ತೆರೆಯುವ ಹೊತ್ತಿಗೆ, ಬಿಸಿಲೇರುವ ಮೊದಲು, ಪ್ರವಾಸಿ ಬಸ್ಸುಗಳು ಬರುವ ಮುನ್ನ ಒಳಗಿರುತ್ತಾರೆ. ಇನ್ನೂ ಯಾರೂ ಓದಲಾಗದ ಲಿಪಿಯಿರುವ, ಮಣ್ಣಿನ ಫೈಸ್ಟೊಸ್ ಬಿಲ್ಲೆ, ಗೂಳಿಯ ಮೇಲೆ ಜಿಗಿಯುವವರ ಭಿತ್ತಿಚಿತ್ರ ಎಲ್ಲ ಇರುವುದು ನಗರದ ವಸ್ತುಸಂಗ್ರಹಾಲಯದಲ್ಲಿ. ಪೂರ್ವದ ಎಲೂಂಡಾದಲ್ಲಿ ಸಿರಿವಂತರ ಹೋಟೆಲ್‌ಗಳಿವೆ. ಅದಕ್ಕೂ ಆಚೆಯ ಸಿತಿಯಾ ಶಾಂತ ಊರು, ಆದರೆ ಬಹು ದೂರ; ಎರಡನೆಯ ಸಲಕ್ಕೆ ಇಟ್ಟುಕೊಳ್ಳಿ.

ದಕ್ಷಿಣ ತೀರ ಬೇರೆಯೇ ಲೋಕ. ಎದುರಿಗೆ ಲಿಬಿಯಾ ಸಮುದ್ರ, ಹಿಂದೆ ಕಡಿದಾದ ಬೆಟ್ಟ. ಲೂತ್ರೊ ಎಂಬ ಹಳ್ಳಿಗೆ ದೋಣಿಯಲ್ಲಿ ಹೋಗಬೇಕು, ಇಲ್ಲವೇ ನಡೆಯಬೇಕು, ವಾಹನವೇ ಇಲ್ಲ. ನನಗೆ ಅಲ್ಲೆಲ್ಲ ಹೆಚ್ಚು ಹಿಡಿಸಿದ್ದು ಪಲೆಯೊಹೋರಾ. ಅದು ಸಮುದ್ರದೊಳಗೆ ಚಾಚಿದ ನೆಲದ ಮೇಲೆ ನಿಂತ ಸಣ್ಣ ಊರು. ಪಶ್ಚಿಮಕ್ಕೆ ಮರಳಿನ ತೀರ, ಪೂರ್ವಕ್ಕೆ ಬೆಣಚುಕಲ್ಲಿನ ತೀರ, ನಡುವೆ ಕೆಲವೇ ನಿಮಿಷದ ನಡಿಗೆ. ಗಾಳಿ ಒಂದು ಬದಿಯನ್ನು ಕಲಕಿದರೆ ಜನ ಟವಲು ಹೆಗಲಿಗೆ ಹಾಕಿಕೊಂಡು ಇನ್ನೊಂದು ಬದಿಗೆ ಹೊರಡುತ್ತಾರೆ.

ಗಾಳಿಯ ಮಾತು ಬಂತು. ಜುಲೈ, ಆಗಸ್ಟ್‌ನಲ್ಲಿ ಉತ್ತರದಿಂದ ಬೀಸುವ ಮೆಲ್ತೆಮಿ ಗಾಳಿ ಉತ್ತರ ತೀರದಲ್ಲಿ ಅಲೆ ಎಬ್ಬಿಸುತ್ತದೆ. ಕೆಂಪು ಬಾವುಟ ಹಾರಿದ ದಿನ ಮಕ್ಕಳನ್ನು ನೀರಿಗೆ ಬಿಡುವಂತಿಲ್ಲ. ಆಗಸ್ಟ್ 15 ಮೇರಿ ಮಾತೆಯ ಹಬ್ಬ. ಅದರ ಹಿಂದೆಮುಂದೆ ಗ್ರೀಕರೇ ರಜೆ ಹಾಕಿ ದ್ವೀಪಗಳಿಗೆ ಬರುವುದರಿಂದ ಕೋಣೆ ಸಿಗುವುದು ಕಷ್ಟ. ಸಾಧ್ಯವಿದ್ದರೆ ಮೇ ಕೊನೆ ಅಥವಾ ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ಮಧ್ಯದವರೆಗಿನ ದಿನ ಆರಿಸಿಕೊಳ್ಳಿ. ಸಮುದ್ರ ಅಕ್ಟೋಬರ್‌ನಲ್ಲೂ ಬೆಚ್ಚಗಿರುತ್ತದೆ, ಸಮರಿಯಾ ಕಮರಿಯೂ ಸಾಮಾನ್ಯವಾಗಿ ಆ ತಿಂಗಳವರೆಗೆ ತೆರೆದಿರುತ್ತದೆ.

ಸಸ್ಯಾಹಾರಿ ಕುಟುಂಬಗಳಿಗೆ ಒಂದು ಮಾತು. ಸಣ್ಣ ಅಡುಗೆಮನೆಯಿರುವ ಕೋಣೆಯನ್ನೇ ಹಿಡಿಯಿರಿ. ಅಲ್ಲಿ ಸ್ಟುಡಿಯೋ ಎನ್ನುತ್ತಾರೆ. ಎರಡು ಒಲೆ, ಒಂದು ಫ್ರಿಜ್, ನಾಲ್ಕು ಪಾತ್ರೆ ಇರುತ್ತವೆ, ಹೋಟೆಲ್‌ಗಿಂತ ಬಾಡಿಗೆಯೂ ಎಷ್ಟೋ ಸಲ ಕಡಿಮೆ. ಹನ್ಯಾದಲ್ಲಿ ಶನಿವಾರ ಪೂರ್ವದ ಕೋಟೆಗೋಡೆಯ ಪಕ್ಕದ ಬೀದಿಯಲ್ಲಿ ಸಂತೆ ಕೂಡುತ್ತದೆ. ಬೇಸಿಗೆಯಲ್ಲಿ ಅಲ್ಲಿ ಬೆಂಡೆಕಾಯಿ, ಬದನೆ, ಹುರುಳಿಕಾಯಿ ರಾಶಿ ಬಿದ್ದಿರುತ್ತವೆ. ವ್ಲೀತಾ ಎಂದು ಕೂಗಿ ಮಾರುವ ಸೊಪ್ಪು ನಮ್ಮ ದಂಟು, ಹರಿವೆಯ ಬಳಗದ್ದೇ. ಅವರು ಬೇಯಿಸಿ ಆಲಿವ್ ಎಣ್ಣೆ, ನಿಂಬೆರಸ ಹಾಕಿ ತಿನ್ನುತ್ತಾರೆ, ನೀವು ಬೇಳೆ ಹಾಕಿ ಸಾರು ಮಾಡಿಕೊಳ್ಳಬಹುದು. ಬೇಳೆ, ಅಕ್ಕಿ ಅಲ್ಲೇ ಸಿಗುತ್ತವೆ. ಹುಳಿಪುಡಿ ಮಾತ್ರ ಮನೆಯಿಂದ ಒಯ್ಯಿರಿ. ಹೊರಗೆ ಉಂಡರೂ ಚಿಂತೆಯಿಲ್ಲ. ಸೌತೆಕಾಯಿಯನ್ನು ಹೋಲುವ ಕುಂಬಳದ ಜಾತಿಯ ಎಳೆಕಾಯಿ, ಆಲೂಗಡ್ಡೆ, ಮಿಜಿಥ್ರಾ ಎಂಬ ಚೀಸ್ ಸೇರಿಸಿ ಬೇಯಿಸುವ ಬುರೇಕಿ ಹನ್ಯಾದ್ದೇ ಅಡುಗೆ. ಆಗಸ್ಟ್‌ನ ಮೊದಲ ಎರಡು ವಾರ ಆಚಾರವಂತರು ಮಾಂಸ, ಹಾಲು ಬಿಟ್ಟು ಉಪವಾಸ ಹಿಡಿಯುತ್ತಾರಾದ್ದರಿಂದ ಊರಿನವರು ಉಣ್ಣುವ ಹೋಟೆಲ್‌ಗಳಲ್ಲಿ ಎಣ್ಣೆಯಲ್ಲಿ ಬೆಂದ ತರಕಾರಿ, ಕಾಳುಗಳು ಸಿಗುತ್ತವೆ.

ಮಧ್ಯಾಹ್ನದ ಹೊತ್ತು ಅಲ್ಲಿನವರ ವಿಶ್ರಾಂತಿಯ ಸಮಯ. ಬೇಸಿಗೆಯಲ್ಲಿ ಮೂರರಿಂದ ಐದೂವರೆಯವರೆಗೆ ಗದ್ದಲ ಕೂಡದೆಂದು ನಿಯಮವೇ ಇದೆ. ಮಕ್ಕಳಿರುವವರು ಮನೆ ಹಿಡಿಯುವಾಗ ಇದನ್ನು ನೆನಪಿಡಿ. ಪಕ್ಕದ ಗೋಡೆಯಾಚೆ ನಿಜವಾದ ಒಂದು ಸಂಸಾರ ಮಲಗಿರುತ್ತದೆ.

ಇನ್ನು ಕಾಗದಪತ್ರ. ಭಾರತದ ಪಾಸ್‌ಪೋರ್ಟ್ ಇರುವವರಿಗೆ ಯುರೋಪಿನ ಹಲವು ದೇಶಗಳಿಗೆ ಒಟ್ಟಾಗಿ ಸಲ್ಲುವ ಷೆಂಗೆನ್ ವೀಸಾ ಬೇಕು. ಅರ್ಜಿಯನ್ನು ಪ್ರಯಾಣಕ್ಕೆ ಆರು ತಿಂಗಳ ಮೊದಲಿನಿಂದ ಸಲ್ಲಿಸಬಹುದು, ಜೊತೆಗೆ ತಂಗುವ ವಿಳಾಸದ ದಾಖಲೆ ಕೇಳುತ್ತಾರೆ. ಆದ್ದರಿಂದ ವೀಸಾ ಕೈಗೆ ಬರುವವರೆಗೆ ರದ್ದುಮಾಡಿದರೆ ಹಣ ಮರಳುವಂಥ ಕೋಣೆಯನ್ನೇ ಕಾದಿರಿಸಿ. ಖಾಸಗಿ ಮನೆಯಾದರೆ ಜಾಹೀರಾತಿನಲ್ಲಿ ಎಎಂಎ ಎಂಬ ಸರ್ಕಾರಿ ನೋಂದಣಿ ಸಂಖ್ಯೆ ಇದೆಯೇ ನೋಡಿ; ಇಲ್ಲದಿದ್ದರೆ ಆ ಮನೆ ಬಿಟ್ಟುಬಿಡಿ. ಹವಾಮಾನ ಹೆಸರಿನ ತೆರಿಗೆಯೊಂದನ್ನು 2024ರಿಂದ ಪ್ರತಿ ಕೋಣೆಗೆ, ಪ್ರತಿ ರಾತ್ರಿಗೆ ತಂಗುದಾಣದಲ್ಲೇ ವಸೂಲು ಮಾಡುತ್ತಾರೆ. ಹೋಟೆಲ್‌ನ ದರ್ಜೆ ಏರಿದಂತೆ ಅದೂ ಏರುತ್ತದೆ, ಲೆಕ್ಕದಲ್ಲಿ ಸೇರಿಸಿಕೊಳ್ಳಿ. ಕಾರು ಬಾಡಿಗೆಗೆ ಪಡೆಯುವವರು ನಮ್ಮ ಆರ್‌ಟಿಒ ಕೊಡುವ ಅಂತರರಾಷ್ಟ್ರೀಯ ಚಾಲನಾ ಪರವಾನಗಿಯನ್ನು ಒಯ್ಯಬೇಕು. ಹಳೆಯ ಪೇಟೆಯಲ್ಲಿ ತಂಗಿದ ದಿನಗಳಿಗೆ ಕಾರು ಬೇಡ, ನಿಲ್ಲಿಸಲು ಜಾಗವಿರುವುದಿಲ್ಲ.

ಏಳು ರಾತ್ರಿ ಇದ್ದರೆ ನಾನು ಹೀಗೆ ಹಂಚುತ್ತೇನೆ: ಹನ್ಯಾದಲ್ಲಿ ಮೂರು, ದಕ್ಷಿಣ ತೀರದಲ್ಲಿ ಎರಡು, ಹೆರಾಕ್ಲಿಯಾನ್‌ನಲ್ಲಿ ಎರಡು. ಬರುವುದು ಹನ್ಯಾ ವಿಮಾನ ನಿಲ್ದಾಣಕ್ಕೆ, ಹೊರಡುವುದು ಹೆರಾಕ್ಲಿಯಾನ್‌ನಿಂದ. ಬಂದ ದಾರಿಯಲ್ಲೇ ಮರಳುವ ಒಂದು ದಿನ ಉಳಿಯುತ್ತದೆ. ವಿಮಾನ ಬೇಡವೆಂದರೆ ಅಥೆನ್ಸ್‌ನ ಪಿರೇಯಸ್ ಬಂದರಿನಿಂದ ಎರಡೂ ಊರುಗಳಿಗೆ ರಾತ್ರಿ ಹಡಗುಗಳಿವೆ. ಮಲಗಿದ್ದು ಬೆಳಗ್ಗೆ ಇಳಿಯಬಹುದು, ಒಂದು ರಾತ್ರಿಯ ಬಾಡಿಗೆಯೂ ಉಳಿಯಿತು. ಈ ಕ್ರಮವನ್ನು ಹೇಗೆ ಬೇಕಾದರೂ ಬದಲಿಸಿಕೊಳ್ಳಿ, ಆದರೆ ಕೊನೆಯ ರಾತ್ರಿಯನ್ನು ದಕ್ಷಿಣ ತೀರದಲ್ಲಿ ಇಟ್ಟುಕೊಳ್ಳಬೇಡಿ. ಸಮುದ್ರ ಒರಟಾದ ದಿನ ದೋಣಿ ಹೊರಡುವುದಿಲ್ಲ, ವಿಮಾನ ನಿಮಗಾಗಿ ಕಾಯುವುದಿಲ್ಲ.

ನಮಸ್ಕಾರ.